ಸರ ಕಿತ್ತದ್ದು ಕಳವೋ, ಸುಲಿಗೆಯೋ? ದೊಡ್ಡಮ್ಮನ ಪ್ರಕರಣ

2025ರ ಜನವರಿ. ಧನುರ್ಮಾಸ ಇನ್ನೂ ಮುಗಿದಿರಲಿಲ್ಲ. ಹಳೇ ಮೈಸೂರು ಕಡೆಯ ಒಂದು ಊರಿನಲ್ಲಿ ನನ್ನ ದೊಡ್ಡಮ್ಮ ಬೆಳಗ್ಗೆ 6 ಗಂಟೆ 20 ನಿಮಿಷಕ್ಕೆ ಮನೆ ಮುಂದೆ ನೀರು ಚಿಮುಕಿಸಿ ರಂಗೋಲಿ ಬಿಡುತ್ತಿದ್ದರು. ಆ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹೊತ್ತಿಗೆ. ಇನ್ನೂ ಮಬ್ಬುಗತ್ತಲು. ಬೀದಿ ದೀಪ ಉರಿಯುತ್ತಿತ್ತು.

ಒಂದು ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಇಳಿದು, ಯಾರದೋ ಮನೆ ಕೇಳಿದ. ದೊಡ್ಡಮ್ಮ ಸೊಂಟ ಹಿಡಿದುಕೊಂಡು ಎದ್ದು ನಿಂತರು. ಎದ್ದು ನಿಂತದ್ದೇ ತಡ, ಅವನು ಕೊರಳಿಗೆ ಕೈ ಹಾಕಿ ಮಾಂಗಲ್ಯದ ಸರ ಎಳೆದ. ಸರ ಬರಲಿಲ್ಲ. ದೊಡ್ಡಮ್ಮ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದರು. ಅವನು ಎಡಗೈಯಿಂದ ಅವರ ಭುಜವನ್ನು ಗೇಟಿಗೆ ಒತ್ತಿ ಹಿಡಿದು, ಬಲಗೈಯಿಂದ ಮತ್ತೆ ಜಗ್ಗಿದ. ಸರ ತುಂಡಾಯಿತು. ಅವರು ರಂಗೋಲಿ ಮೇಲೆಯೇ ಬಿದ್ದರು. 32 ಗ್ರಾಂ ಸರದಲ್ಲಿ 18 ಗ್ರಾಂ ಅವನ ಕೈಗೆ ಹೋಯಿತು. ತಾಳಿ ಇದ್ದ ತುಂಡು ದೊಡ್ಡಮ್ಮನ ಮುಷ್ಟಿಯಲ್ಲಿ ಉಳಿಯಿತು.

ಅಷ್ಟರಲ್ಲಿ ಹಾಲು ಹಾಕುವ ಹುಡುಗ ಬಂದ. ಸೈಕಲ್ ಬಿಟ್ಟು ಓಡಿಬಂದು, ಹೊರಡುತ್ತಿದ್ದ ಬೈಕಿನ ಹಿಂದಿನ ಕಂಬಿ ಹಿಡಿದುಕೊಂಡ. ಹಿಂದೆ ಕೂತವನು ಸೊಂಟದಿಂದ ಮಚ್ಚು ತೆಗೆದು ತೋರಿಸಿದ. "ಬಿಡೋ, ಇಲ್ಲಾಂದ್ರೆ ಕೈ ಕಡೀತೀನಿ" ಅಂದ. ಹುಡುಗ ಬಿಟ್ಟ. ಬೈಕ್ ಹೋಯಿತು. ಎದುರು ಮನೆಯ ಸಿಸಿಟಿವಿಯಲ್ಲಿ ಲೆಕ್ಕ ಹಾಕಿದರೆ, ಬೈಕ್ ನಿಂತಾಗಿನಿಂದ ಹೋಗುವವರೆಗೆ 47 ಸೆಕೆಂಡು.

ನಾನು ವಕೀಲ. ಈ ಪ್ರಕರಣದಲ್ಲಿ ವಕಾಲತ್ತು ಹಾಕಿಲ್ಲ, ಮನೆಯವರ ಪರವಾಗಿ ಕಾಗದ ಓದಿ ಸಲಹೆ ಕೊಟ್ಟವನು ಅಷ್ಟೇ. ಆದರೆ ಈ 47 ಸೆಕೆಂಡನ್ನು ಕಾನೂನು ಹೇಗೆ ಬಿಡಿಸಿ ನೋಡುತ್ತದೆ ಎನ್ನುವುದನ್ನು ಬರೆದಿಡಬೇಕು ಅನ್ನಿಸಿತು. ಏಕೆಂದರೆ ಇಂಥ ದೂರು ಕೊಡಲು ಹೋಗುವ ಮನೆಯವರಿಗೆ ಯಾರೂ ಇದನ್ನು ಹೇಳಿಕೊಡುವುದಿಲ್ಲ.

ದೂರಿನಲ್ಲಿ ಏನಿತ್ತು

ದೂರು ಬರೆಸಿದ್ದು ದೊಡ್ಡಮ್ಮನ ಮಗ, ನನ್ನ ಅಣ್ಣ. ದೊಡ್ಡಮ್ಮನಿಗೆ ಕೈಕಾಲು ನಡುಗುತ್ತಿತ್ತು, ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಸ್ಟೇಷನ್ ರೈಟರ್ ಕೇಳಿದ್ದು ಎಷ್ಟು ಗ್ರಾಂ, ಯಾವ ಡಿಸೈನು, ಬಿಲ್ ಇದೆಯಾ, ಬೈಕ್ ಯಾವ ಬಣ್ಣ ಎಂದು. ಅಣ್ಣ ಅಷ್ಟಕ್ಕೂ ಸರಿಯಾಗಿ ಉತ್ತರ ಕೊಟ್ಟ. ಕೊನೆಗೆ ಕಾಗದದಲ್ಲಿ ಬಂದ ವಾಕ್ಯ ಇಷ್ಟು: "ಅಪರಿಚಿತರಿಬ್ಬರು ಬೈಕಿನಲ್ಲಿ ಬಂದು ವಿಳಾಸ ಕೇಳುವ ನೆಪದಲ್ಲಿ ನನ್ನ ತಾಯಿಯ ಕೊರಳಿನಲ್ಲಿದ್ದ ಸರವನ್ನು ಕಿತ್ತುಕೊಂಡು ಪರಾರಿಯಾಗಿರುತ್ತಾರೆ."

ಗೇಟಿಗೆ ಒತ್ತಿ ಹಿಡಿದದ್ದು ಇಲ್ಲ. ಬಿದ್ದದ್ದು ಇಲ್ಲ. ಕೊರಳ ಸುತ್ತ ಕೆಂಪಗೆ ಗೆರೆ ಎದ್ದದ್ದು ಇಲ್ಲ. ಮಚ್ಚು ಇಲ್ಲ. ಹಾಲಿನ ಹುಡುಗನ ಹೆಸರೂ ಇಲ್ಲ. ಅವನು ಉಳಿದ ಮನೆಗಳಿಗೆ ಹಾಲು ಹಾಕಲು ಹೋಗಿದ್ದ.

ಪ್ರಥಮ ವರ್ತಮಾನ ವರದಿಯಲ್ಲಿ (ಎಫ್‌ಐಆರ್) ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 304(2) ಹಾಕಿದರು. ಅಂದರೆ ಸರಗಳ್ಳತನ. ಆ ದೂರನ್ನು ಮಾತ್ರ ಓದಿದರೆ ಅದು ತಪ್ಪಲ್ಲ. ಬರೆದದ್ದಕ್ಕೆ ಸರಿಹೊಂದುವ ಕಲಮ್ಮೇ ಅದು. ಆದರೆ ನಡೆದದ್ದಕ್ಕೆ?

ಮೂರನೇ ದಿನ ನಾನು ಊರಿಗೆ ಹೋದೆ. ದೂರು ಕೊಟ್ಟವರಿಗೆ ವರದಿಯ ಒಂದು ಪ್ರತಿಯನ್ನು ಪೊಲೀಸರು ಪುಕ್ಕಟೆಯಾಗಿ ಕೊಡಬೇಕು, ಕಾನೂನೇ ಹಾಗೆ ಹೇಳುತ್ತದೆ. ಆ ಪ್ರತಿಯನ್ನು ಅಣ್ಣ ನನ್ನ ಕೈಗಿಟ್ಟ. ಓದಿ ಮುಗಿಸಿ, ದೊಡ್ಡಮ್ಮನ ಪಕ್ಕ ಕೂತು, "ಸರದ ವಿಷಯ ಬಿಡಿ ದೊಡ್ಡಮ್ಮ. ನಿಮಗೆ ಏನು ಮಾಡಿದ್ರು, ಅದನ್ನ ಹೇಳಿ" ಅಂದೆ. ಅವರು ಅದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಭುಜ ಹಿಡಿದು ಒತ್ತಿಬಿಟ್ಟ ಮಗಾ. ಉಸಿರು ಕಟ್ಟಿದ ಹಾಗಾಯ್ತು. ಸರ ಹೋದ್ರೆ ಹೋಗ್ಲಿ ಅಂತ ಆಗ ಹೊಳೀಲೇ ಇಲ್ಲ, ತಾಳಿ ಅಲ್ವಾ, ಕೈ ತಾನಾಗೇ ಹಿಡ್ಕೊಂಡ್ಬಿಡ್ತು" ಅಂದರು.

ಪ್ರಕರಣದ ಹಣೆಬರಹ ಬದಲಿಸಿದ್ದು ಈ ಮಾತು.

ಮೆಟ್ಟಿಲು ಮೆಟ್ಟಿಲಾಗಿ

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆಗಳಲ್ಲಿ ಕಳವು, ಸುಲಿಗೆ, ದರೋಡೆ ಎನ್ನುವ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತಿರುತ್ತವೆ. ಕಾನೂನಿನಲ್ಲಿ ಅವು ಬೇರೆ ಬೇರೆ. ಸುಲಿಗೆಗೆ ಒಬ್ಬನೇ ಸಾಕು. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಸುಲಿಗೆ ಮಾಡಿದರೆ ಅದು ದರೋಡೆ. ಇಲ್ಲಿ ಇದ್ದವರು ಇಬ್ಬರು. ಹಾಗಾಗಿ ದರೋಡೆಯ ಮಾತು ಬರುವುದಿಲ್ಲ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಬರೀ ಕಳವು. ಕಲಂ 303. ಒಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕವಾಗಿ ಎತ್ತಿಕೊಳ್ಳಲು ಅದನ್ನು ಅಲುಗಾಡಿಸಿದರೂ ಸಾಕು, ಕಳವು ಆಗಿಹೋಯಿತು. ಮೂರು ವರ್ಷದವರೆಗೆ ಶಿಕ್ಷೆ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಯಾಗುತ್ತಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇದು ಹೊಸ ಕಾನೂನಿನಲ್ಲಿ ಬಂದದ್ದು, ಒಳ್ಳೆಯದೇ ಆಯಿತು. ದೊಡ್ಡಮ್ಮ ದೇವರ ಮನೆಯಲ್ಲಿ ಬಿಚ್ಚಿಟ್ಟ ಸರವನ್ನು ಯಾರೋ ಸದ್ದಿಲ್ಲದೆ ಒಯ್ದಿದ್ದರೆ ಅದೂ ಕಳವೇ. ವಾಸದ ಮನೆಯೊಳಗಿನ ಕಳವಾದ್ದರಿಂದ ಕಲಂ 305ರಲ್ಲಿ ಏಳು ವರ್ಷದವರೆಗೆ ಹೋಗುತ್ತದೆ. ಆದರೂ ಅದು ಸುಲಿಗೆ ಅಲ್ಲ.

ಮೇಲಿನ ಮೆಟ್ಟಿಲು ಕಲಂ 304. ಕಳವು ಮಾಡಲು ತಟ್ಟನೆ, ಬೇಗನೆ ಅಥವಾ ಬಲದಿಂದ ಒಬ್ಬರ ಮೈಮೇಲಿನ ಅಥವಾ ಅವರ ವಶದಲ್ಲಿರುವ ವಸ್ತುವನ್ನು ಹಿಡಿದು ಕಿತ್ತುಕೊಳ್ಳುವುದು. 1860ರ ಹಳೆಯ ದಂಡ ಸಂಹಿತೆಯಲ್ಲಿ ಈ ಕಲಂ ಇರಲಿಲ್ಲ. ಸರ ಕಿತ್ತವನ ಮೇಲೆ ಒಂದು ಕಡೆ ಬರೀ ಕಳವಿನ 379, ಇನ್ನೊಂದು ಕಡೆ ಸುಲಿಗೆಯ 392 ಬೀಳುತ್ತಿತ್ತು. ಒಂದೇ ಥರದ ಕೆಲಸಕ್ಕೆ ಒಬ್ಬನಿಗೆ ಮೂರು ವರ್ಷದ ಭಯ, ಇನ್ನೊಬ್ಬನಿಗೆ ಹತ್ತು ವರ್ಷದ ಭಯ. 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಸರಗಳ್ಳತನಕ್ಕೆ ತನ್ನದೇ ಜಾಗ ಸಿಕ್ಕಿತು. ಆದರೆ ಅದರ ಶಿಕ್ಷೆಯೂ ಮೂರು ವರ್ಷದವರೆಗೆ ಮಾತ್ರ.

ನಡುವೆ ಇನ್ನೊಂದು ಮೆಟ್ಟಿಲಿದೆ. ವಕೀಲರೂ ಮರೆಯುವ ಮೆಟ್ಟಿಲು. ಕಲಂ 307. ಕಳವು ಮಾಡುವಾಗ ಯಾರಾದರೂ ಅಡ್ಡ ಬಂದರೆ ಹೊಡೆಯಲು ಅಥವಾ ಹೆದರಿಸಲು ಮೊದಲೇ ಸಿದ್ಧತೆ ಮಾಡಿಕೊಂಡು ಬರುವುದು. ಕಾನೂನೇ ಕೊಡುವ ಉದಾಹರಣೆಯಲ್ಲಿ ಕಳ್ಳ ಬಟ್ಟೆಯೊಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಬಂದಿರುತ್ತಾನೆ. ಅದನ್ನು ತೋರಿಸುವುದೇ ಇಲ್ಲ. ಆದರೂ ಹತ್ತು ವರ್ಷದವರೆಗೆ ಶಿಕ್ಷೆ. ನಮ್ಮ ಪ್ರಕರಣದಲ್ಲಿ ಮಚ್ಚು ಸೊಂಟದಲ್ಲೇ ಉಳಿದಿದ್ದರೂ, ಅದನ್ನು ಯಾಕೆ ತಂದಿದ್ದ ಎನ್ನುವುದು ಸಾಬೀತಾದರೆ ಈ ಕಲಂ ಬರುತ್ತಿತ್ತು.

ಅದರಾಚೆ ಸುಲಿಗೆ. ಕಲಂ 309. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದೇ ಒಂದು ನುಡಿ

ಪ್ರತಿಯೊಂದು ಸುಲಿಗೆಯ ಒಳಗೂ ಒಂದು ಕಳವು ಇರುತ್ತದೆ, ಇಲ್ಲವೇ ಬೆದರಿಸಿ ವಸೂಲಿ ಮಾಡುವ ಅಪರಾಧ ಇರುತ್ತದೆ. ಹೀಗಂತ ಕಲಂ ಶುರುವಾಗುವುದೇ. ಕಳವು ಯಾವಾಗ ಸುಲಿಗೆ ಆಗುತ್ತದೆ? ಕಳವು ಮಾಡಲೆಂದು, ಅಥವಾ ಮಾಡುತ್ತಿರುವಾಗ, ಅಥವಾ ಕದ್ದ ವಸ್ತುವನ್ನು ಸಾಗಿಸುವಾಗ, "ಆ ಉದ್ದೇಶಕ್ಕಾಗಿ" ಕಳ್ಳ ತಾನಾಗಿ ಯಾರಿಗಾದರೂ ಸಾವು, ನೋವು ಅಥವಾ ಅಕ್ರಮ ತಡೆ (ಅಂದರೆ ಅತ್ತಿತ್ತ ಹೋಗದಂತೆ ಹಿಡಿದಿಡುವುದು) ಉಂಟುಮಾಡಿದರೆ. ಅಥವಾ ಅವು ಈಗಲೇ ಆಗಿಬಿಡುತ್ತವೆ ಎಂಬ ಭಯ ಹುಟ್ಟಿಸಿದರೆ. ಹಾಗೆ ಮಾಡಲು ಪ್ರಯತ್ನಪಟ್ಟರೂ ಸಾಕು.

ಶಿಕ್ಷೆ ಹತ್ತು ವರ್ಷದವರೆಗೆ ಕಠಿಣ ಸಜೆ. ಇಲ್ಲಿ ಚಿನ್ನದ ಬೆಲೆ ಎಲ್ಲೂ ಬರುವುದಿಲ್ಲ, ಗಮನಿಸಿ. ನೂರು ರೂಪಾಯಿಗೂ ಸುಲಿಗೆ ಆಗಬಹುದು. ಕೋಟಿ ರೂಪಾಯಿ ಹೋದರೂ ಬರೀ ಕಳವಾಗಿಯೇ ಉಳಿಯಬಹುದು. ಕಾನೂನು ಇಲ್ಲಿ ಅಳೆಯುತ್ತಿರುವುದು ಮನುಷ್ಯರ ಮೈಗೂ ಮನಸ್ಸಿಗೂ ಏನು ಮಾಡಿದರು ಎನ್ನುವುದನ್ನು. ನಮ್ಮ ದೂರಿನಲ್ಲಿ ಗ್ರಾಂ ಲೆಕ್ಕ ತುಂಬಿ ತುಳುಕುತ್ತಿತ್ತು, ದೊಡ್ಡಮ್ಮನೇ ಇರಲಿಲ್ಲ.

ಈಗ ಮೊದಲ ಎಳೆತ ನೋಡೋಣ. ಅವನು ಕೈ ಹಾಕಿ ಎಳೆದ, ಕೊರಳಿಗೆ ನೋವಾಯಿತು. ಕಾನೂನಿನಲ್ಲಿ "ನೋವು" ಎನ್ನಲು ರಕ್ತ ಬರಬೇಕಿಲ್ಲ, ಮೈಗೆ ನೋವಾದರೆ ಸಾಕು. ಸರ ಎಳೆದರೆ ಕೊರಳು ಕೊಯ್ಯುತ್ತದೆ ಎನ್ನುವುದು ಎಳೆಯುವವನಿಗೆ ಗೊತ್ತಿರುತ್ತದೆ. ಹಾಗಾದರೆ ಅಲ್ಲಿಗೇ ಸುಲಿಗೆ ಆಯಿತಲ್ಲ, ಅಂತ ಅಣ್ಣ ಕೇಳಿದ. ಬಹಳ ಜನ ಹೀಗೇ ವಾದಿಸುತ್ತಾರೆ.

ನನಗೆ ಈ ವಾದ ಒಪ್ಪಿಗೆ ಇಲ್ಲ. ಕೊರಳಿನ ಸರ ಕಿತ್ತರೆ ಸ್ವಲ್ಪವಾದರೂ ನೋವು ಆಗಿಯೇ ಆಗುತ್ತದೆ. ಅಷ್ಟಕ್ಕೇ ಸುಲಿಗೆ ಎಂದರೆ ಕಲಂ 304ಕ್ಕೆ ಸರದ ವಿಷಯದಲ್ಲಿ ಕೆಲಸವೇ ಉಳಿಯುವುದಿಲ್ಲ. ಆ ಕಲಮ್ಮಿನಲ್ಲೇ "ಬಲದಿಂದ" ಎನ್ನುವ ಪದ ಇದೆ. ಶಾಸನ ಬರೆದವರು ಸ್ವಲ್ಪ ಬಲವನ್ನು ಅಲ್ಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ಹಾಗಾಗಿ ನೋಡಬೇಕಾದದ್ದು ಬಲ ಯಾರ ಮೇಲೆ, ಯಾತಕ್ಕೆ ಎನ್ನುವುದನ್ನು. ವಸ್ತು ಕೈಗೆ ಬರಲಿ ಎಂದು ವಸ್ತುವಿನ ಮೇಲೆ ಹಾಕಿದ ಬಲ ಒಂದು. ಮನುಷ್ಯ ಅಡ್ಡ ಬರದಿರಲಿ ಎಂದು ಮನುಷ್ಯನ ಮೇಲೆ ಹಾಕಿದ ಬಲ ಇನ್ನೊಂದು. ಮೊದಲ ಎಳೆತ ಒಂದನೆಯದು. ಬೈಕಿನಲ್ಲಿ ಹೋಗುತ್ತಾ ಮೊಬೈಲ್ ಕಸಿದುಕೊಂಡು ಹೋಗುವುದೂ ಅದೇ ಜಾತಿಯದು.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1968ರ ಕಳವು ಕಾಯ್ದೆಯಡಿ ಇದೇ ಜಗ್ಗಾಟ ನಡೆದಿದೆ. 1987ರಲ್ಲಿ ಅಲ್ಲಿನ ಅಪೀಲು ಕೋರ್ಟು, ಹೆಂಗಸೊಬ್ಬಳ ಕೈಯಿಂದ ಶಾಪಿಂಗ್ ಬುಟ್ಟಿಯನ್ನು ಜಗ್ಗಿ ಕಿತ್ತುಕೊಂಡದ್ದು ಸುಲಿಗೆ ಆಗಬಹುದು ಎಂದಿತು. 2012ರಲ್ಲಿ ಬೆರಳ ಸಂದಿಯಲ್ಲಿದ್ದ ಸಿಗರೇಟನ್ನು ಮೈ ಮುಟ್ಟದೆ ಕಸಿದುಕೊಂಡದ್ದು ಸುಲಿಗೆ ಅಲ್ಲ, ಕಳವು ಮಾತ್ರ ಎಂದು ಅಲ್ಲಿನ ಹೈಕೋರ್ಟು ಹೇಳಿತು. ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದ ಕೈಯನ್ನು ಬಲ ಮುಟ್ಟಿತ್ತು, ಸಿಗರೇಟಿನಲ್ಲಿ ಮುಟ್ಟಲಿಲ್ಲ. ಅಲ್ಲಿನ ಕಾನೂನಿನ ಪದಗಳೇ ಬೇರೆ, ನಮಗೆ ಅವು ಕಟ್ಟುಪಾಡಲ್ಲ. ಆದರೂ ಗೆರೆ ಎಷ್ಟು ತೆಳು ಎನ್ನುವುದು ಕಾಣುತ್ತದೆ.

ದೊಡ್ಡಮ್ಮ ಸರ ಬಿಗಿ ಹಿಡಿದ ಮೇಲೆ ನಡೆದದ್ದು ಬೇರೆಯೇ. ಅವನು ಸರ ಬಿಟ್ಟು ಅವರ ಭುಜ ಹಿಡಿದ. ಗೇಟಿಗೆ ಒತ್ತಿದ. ಅವರು ಆ ಕಡೆ ಈ ಕಡೆ ಹೋಗದಂತೆ ಮಾಡಿದ. ಭುಜ ಒತ್ತಿದ್ದರಿಂದ ಸರ ತಾನಾಗಿ ಬರುವುದಿಲ್ಲ. ಅದು ಅವರ ಎದುರಾಟ ಮುರಿಯಲು ಮಾಡಿದ ಕೆಲಸ. ಕಲಂ 309ರ ಮೊದಲ ಉದಾಹರಣೆ ಹೆಚ್ಚುಕಮ್ಮಿ ಇದೇ: ಒಬ್ಬನನ್ನು ಕೆಳಗೆ ಅದುಮಿ ಹಿಡಿದು, ಅವನ ಬಟ್ಟೆಯಲ್ಲಿದ್ದ ಹಣವನ್ನೂ ಒಡವೆಯನ್ನೂ ತೆಗೆದುಕೊಳ್ಳುವುದು. ಅಲ್ಲಿ ಗಾಯದ ಮಾತೇ ಇಲ್ಲ. ಅದುಮಿ ಹಿಡಿದದ್ದೇ ಸುಲಿಗೆಗೆ ಸಾಕು.

2008ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಬಿಡಿಸಿ ಹೇಳಿದೆ. ಕಳವೂ ಇರಬೇಕು, ನೋವೋ ತಡೆಯೋ ಭಯವೋ ಕೂಡ ಇರಬೇಕು, ಎರಡರ ನಡುವೆ ನಂಟೂ ಇರಬೇಕು. ಕಳವಿಗೆ ಸಂಬಂಧವೇ ಇಲ್ಲದ ಹೊಡೆತ ಇದ್ದರೆ ಅದು ಕಳವು ಮತ್ತು ಹೊಡೆತ, ಎರಡು ಬೇರೆ ಅಪರಾಧ. ಸುಲಿಗೆ ಅಲ್ಲ.

ಮಚ್ಚು ತೋರಿಸಿದ್ದು ಯಾತಕ್ಕೆ

ಹಾಲಿನ ಹುಡುಗನಿಗೆ ಮಚ್ಚು ತೋರಿಸಿದ ಹೊತ್ತಿಗೆ ಸರ ಆಗಲೇ ಕಳ್ಳನ ಕೈಯಲ್ಲಿತ್ತು. ಕಳವು ಮುಗಿದಿತ್ತು. ಆಮೇಲೆ ಹೆದರಿಸಿದರೆ ಅದು ಹೇಗೆ ಸುಲಿಗೆ ಎಂದು ಆರೋಪಿ ಪರ ವಕೀಲರು ಕೇಳಬಹುದು, ಕೇಳಿದರು ಕೂಡ. ಸರ ಹುಡುಗನದ್ದಲ್ಲ ಎನ್ನುವುದು ಇನ್ನೊಂದು ಪ್ರಶ್ನೆ.

ಎರಡನೆಯದಕ್ಕೆ ಉತ್ತರ ಸುಲಭ. ಕಲಂ "ಯಾವುದೇ ವ್ಯಕ್ತಿಗೆ" ಎನ್ನುತ್ತದೆ, ವಸ್ತುವಿನ ಒಡೆಯರಿಗೇ ಎನ್ನುವುದಿಲ್ಲ. ಅಡ್ಡ ಬಂದ ದಾರಿಹೋಕನಾದರೂ ಆಯಿತು.

ಮೊದಲನೆಯದು ನಿಜವಾಗಿ ಕಷ್ಟದ್ದು. ಕದ್ದ ವಸ್ತುವನ್ನು ಸಾಗಿಸುವಾಗ ಹೆದರಿಸಿದರೂ ಸುಲಿಗೆ ಎಂದು ಕಾನೂನು ಹೇಳುತ್ತದೆ, ಸರಿ. ಆದರೆ ಅವನು ಹೆದರಿಸಿದ್ದು ಸರವನ್ನು ಸಾಗಿಸಲೋ, ತನ್ನ ಮೈ ಉಳಿಸಿಕೊಳ್ಳಲೋ? ಕಳ್ಳ ಕದ್ದ ಮಾಲನ್ನು ಅಲ್ಲೇ ಎಸೆದು, ಬೆನ್ನಟ್ಟಿ ಬಂದವರ ಮೇಲೆ ಕಲ್ಲು ತೂರಿ ಓಡಿಹೋದರೆ ಅದು ಸುಲಿಗೆ ಅಲ್ಲ ಎನ್ನುವುದು ಬಹಳ ಹಳೆಯ ತೀರ್ಪುಗಳಿಂದ ಬಂದ ಮಾತು. ಅವನು ಆಗ ಕಾಪಾಡಿಕೊಳ್ಳುತ್ತಿರುವುದು ತನ್ನನ್ನು, ಮಾಲನ್ನಲ್ಲ. ಕಳವಿಗೆ ಒಂದು ಶಿಕ್ಷೆ, ಕಲ್ಲೇಟಿಗೆ ಇನ್ನೊಂದು.

ಅಂದರೆ ನಮ್ಮ ಪ್ರಕರಣದ ಈ ಭಾಗ ಪೂರ್ತಿ ನಿಂತಿದ್ದು ಒಂದು ಸಣ್ಣ ಸಂಗತಿಯ ಮೇಲೆ. ಮಚ್ಚು ತೆಗೆದಾಗ ಸರ ಎಲ್ಲಿತ್ತು?

ಎದುರು ಮನೆಯ ಸಿಸಿಟಿವಿಗೆ ಗೇಟು ಕಾಣುತ್ತಿರಲಿಲ್ಲ, ಕಂಬ ಅಡ್ಡ ಇತ್ತು. ಹಾಗಾಗಿ ಭುಜ ಒತ್ತಿದ್ದು ಅದರಲ್ಲಿಲ್ಲ. ಆದರೆ ಬೈಕ್ ಹೊರಟ ಜಾಗ ಚೆನ್ನಾಗಿ ಕಾಣುತ್ತದೆ. ಅವನ ಬಲಗೈಯಲ್ಲಿ ಮಚ್ಚು. ಎಡಗೈ ಮುಷ್ಟಿ ಕಟ್ಟಿದೆ, ಮುಷ್ಟಿಯಿಂದ ಸರದ ತುದಿ ನೇತಾಡುತ್ತಿದೆ. ಬೀದಿ ದೀಪದ ಬೆಳಕಿಗೆ ಒಂದು ಕ್ಷಣ ಹೊಳೆಯುತ್ತದೆ. ಆ ದೃಶ್ಯವನ್ನು ನಾನು ಹತ್ತು ಸಲವಾದರೂ ನೋಡಿದ್ದೇನೆ. ಅವನು ಸರ ಎಸೆದಿದ್ದರೆ ಹುಡುಗ ಬೈಕ್ ಬಿಡುತ್ತಿದ್ದನೋ ಏನೋ. ಅವನು ಎಸೆಯಲಿಲ್ಲ. ಸರವನ್ನೂ ಹಿಡಿದುಕೊಂಡೇ ಮಚ್ಚು ತೆಗೆದ. ಹಾಗಾಗಿ ಅದು ಸಾಗಿಸುವುದಕ್ಕಾಗಿಯೇ ಹುಟ್ಟಿಸಿದ ಭಯ ಎಂದು ನನ್ನ ಗಟ್ಟಿ ಅಭಿಪ್ರಾಯ.

"ಈಗಲೇ" ಎನ್ನುವ ಪದಕ್ಕೂ ತೂಕ ಇದೆ. "ನಿನ್ನ ಮಗು ನಮ್ಮವರ ಕೈಯಲ್ಲಿದೆ, ಹಣ ಕಳಿಸದಿದ್ದರೆ ಕೊಲ್ಲುತ್ತೇವೆ" ಎಂದು ದೂರದಿಂದ ಬೆದರಿಸಿದರೆ ಅದು ಬೆದರಿಸಿ ವಸೂಲಿ. ಆ ಕ್ಷಣದಲ್ಲೇ ಮಗುವಿಗೆ ಸಾವು ಬರುತ್ತದೆ ಎಂಬ ಭಯ ಹುಟ್ಟದ ಹೊರತು ಸುಲಿಗೆ ಆಗುವುದಿಲ್ಲ. ಇದೂ ಕಾನೂನಿನ ಪುಸ್ತಕದಲ್ಲೇ ಇರುವ ಉದಾಹರಣೆ. ನಮ್ಮ ಹುಡುಗನಿಗೂ ಮಚ್ಚಿಗೂ ನಡುವೆ ಇದ್ದದ್ದು ಒಂದು ಮೊಳ.

ಮಚ್ಚು ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಕಲಂ 311. ಸುಲಿಗೆ ಮಾಡುವಾಗ ಮಾರಕಾಯುಧ ಬಳಸಿದರೆ ಏಳು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ. ನ್ಯಾಯಾಧೀಶರಿಗೆ ಕನಿಕರ ಬಂದರೂ ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ. "ಬಳಸುವುದು" ಎಂದರೆ ಕಡಿಯಲೇಬೇಕೇ? ಬೇಡ. ದೆಹಲಿಯ ಪೆಟ್ರೋಲ್ ಬಂಕ್ ಒಂದರ ಸುಲಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ಹೇಳಿದೆ: ಎದುರಿಗಿರುವವರಿಗೆ ಕಾಣುವಂತೆ, ಹೆದರಿಕೆ ಹುಟ್ಟುವಂತೆ ಆಯುಧ ಹಿಡಿದಿದ್ದರೂ ಅದು ಬಳಕೆಯೇ.

ಆದರೆ ಆ ಏಳು ವರ್ಷದ ಕನಿಷ್ಠ ಶಿಕ್ಷೆ ಆಯುಧ ಹಿಡಿದವನಿಗೆ ಮಾತ್ರ. ಬೈಕ್ ಓಡಿಸಿದವನಿಗೆ ಅಲ್ಲ. ಓಡಿಸಿದವನು ಸುಲಿಗೆಗೆ ಪಾಲುದಾರ, ಆ ಹೊಣೆಯಿಂದ ಅವನು ಜಾರುವಂತಿಲ್ಲ. ಸುಲಿಗೆಯಲ್ಲಿ ಯಾರಿಗಾದರೂ ನೋವು ಮಾಡಿದರೆ ಬರುವ 309(6)ರಲ್ಲಂತೂ ಜೊತೆಗೆ ಸೇರಿದ್ದವರೆಲ್ಲರೂ ಬರುತ್ತಾರೆ, ಜೀವಾವಧಿಯವರೆಗೆ ಶಿಕ್ಷೆ ಇದೆ. ಎರಡು ಕಲಮ್ಮಿನ ಈ ವ್ಯತ್ಯಾಸ ನ್ಯಾಯವಾದದ್ದೇ. ಬೈಕ್ ಓಡಿಸಿದವನ ವಯಸ್ಸು 19. ಗೆಳೆಯನ ಸೊಂಟದಲ್ಲಿ ಮಚ್ಚು ಇದ್ದದ್ದು ಗೊತ್ತೇ ಇರಲಿಲ್ಲ ಎನ್ನುತ್ತಾನೆ. ಇರಬಹುದು. ಸಾಕ್ಷ್ಯ ಹೇಳಬೇಕು.

ಕಾಗದ ತಡವಾದರೆ

ಮೂರನೇ ದಿನವೇ ದೊಡ್ಡಮ್ಮನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೊರಳಿನ ಗೆರೆ ಕಂದು ಬಣ್ಣಕ್ಕೆ ತಿರುಗಿತ್ತು, ಮೊಣಕೈ ತರಚು ಹಕ್ಕಳೆ ಕಟ್ಟಿತ್ತು, ಭುಜದಲ್ಲಿ ಬೆರಳು ಒತ್ತಿದ ಕಲೆ ಇನ್ನೂ ಮಾಸಿರಲಿಲ್ಲ. ವೈದ್ಯರು ಅಳೆದು ಬರೆದುಕೊಟ್ಟರು. ಮೊದಲ ದಿನವೇ ಹೋಗಿದ್ದರೆ ಇನ್ನೂ ಚೆನ್ನಾಗಿತ್ತು. ಮನೆಯವರಿಗೆ ಆ ಹೊತ್ತಿನಲ್ಲಿ "ಸದ್ಯ, ಜೀವಕ್ಕೇನೂ ಆಗಲಿಲ್ಲ" ಎನ್ನುವ ಸಮಾಧಾನವೇ ದೊಡ್ಡದಾಗಿತ್ತು.

ಆಮೇಲೆ ಠಾಣೆಗೆ ಹೋಗಿ ದೊಡ್ಡಮ್ಮನ ಮತ್ತು ಹಾಲಿನ ಹುಡುಗನ ಹೇಳಿಕೆ ಬರೆಸಿದೆವು. ತನಿಖಾಧಿಕಾರಿ ತಾಳ್ಮೆಯಿಂದ ಕೇಳಿದರು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರು. ನ್ಯಾಯಾಲಯದಲ್ಲೂ ಬರುವ ಪ್ರಶ್ನೆ ಇದೇ. ದೂರು ಎಂದರೆ ಎಲ್ಲ ವಿವರ ತುಂಬಿದ ಪುಸ್ತಕ ಆಗಬೇಕಿಲ್ಲ ಎಂದು ಮೇಲಿನ ನ್ಯಾಯಾಲಯಗಳು ಎಷ್ಟೋ ಸಲ ಹೇಳಿವೆ. ಆದರೂ ಮುಖ್ಯ ಸಂಗತಿಯೇ ಬಿಟ್ಟುಹೋಗಿದ್ದರೆ, ಆಮೇಲೆ ಹೆಣೆದು ಸೇರಿಸಿದ್ದು ಎಂದು ಹೇಳಲು ಎದುರು ವಕೀಲರಿಗೆ ದಾರಿಯಾಗುತ್ತದೆ. ದೊಡ್ಡಮ್ಮ ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತು. ಕಟಕಟೆಯಲ್ಲಿ ನಿಂತಾಗ ಅದು ಲೆಕ್ಕಕ್ಕೆ ಬರುವುದಿಲ್ಲ.

ಕಲಂ ಯಾವುದು ಎನ್ನುವುದು ಬರೀ ಕೊನೆಯ ಶಿಕ್ಷೆಯ ಮಾತೂ ಅಲ್ಲ. ತನಿಖೆ ನಡೆಯುವ ರೀತಿಯೇ ಬದಲಾಗುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಬಂದು ಕುರುಹು ಸಂಗ್ರಹಿಸಬೇಕು, ವಿಡಿಯೋ ಮಾಡಿಸಬೇಕು ಎಂದು ತನಿಖೆ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಜಾರಿಗೆ ತರಬೇಕು. ಮೂರು ವರ್ಷದ ಸರಗಳ್ಳತನಕ್ಕೆ ಆ ನಿಯಮ ಇಲ್ಲ. ಏಳು ವರ್ಷದವರೆಗಿನ ಅಪರಾಧದಲ್ಲಿ ಬಂಧಿಸುವ ಅಗತ್ಯವಿಲ್ಲ ಅನಿಸಿದರೆ ಪೊಲೀಸರು ಹಾಜರಾಗಲು ನೋಟಿಸು ಕೊಡುತ್ತಾರೆ. ಸುಲಿಗೆಗೆ ಆ ಮಿತಿ ಇಲ್ಲ. ಸಾದಾ ಕಳವಿನಲ್ಲಿ ಮಾಲಿನ ಒಡೆಯರು ರಾಜಿ ಮಾಡಿಕೊಳ್ಳಬಹುದು, ಸುಲಿಗೆಯಲ್ಲಿ ಆಗುವುದಿಲ್ಲ. ನಮ್ಮ ಗೇಟಿನ ಮೇಲೆ ಅವನ ಕೈ ಗುರುತು ಬಿದ್ದಿತ್ತೋ ಏನೋ. ಅತ್ತಿಗೆ ಮರುದಿನ ಬೆಳಗ್ಗೆ ಗೇಟು ತೊಳೆದು ಹೊಸ ರಂಗೋಲಿ ಬಿಟ್ಟಿದ್ದರು. ಬೇಡ ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಮೂರು ವಾರದ ನಂತರ ಇಬ್ಬರೂ ಸಿಕ್ಕರು. ಗಿರವಿ ಅಂಗಡಿಯೊಂದರಿಂದ 18 ಗ್ರಾಂ ತುಂಡು ವಶಕ್ಕೆ ಬಂತು, ಪುಣ್ಯಕ್ಕೆ ಕರಗಿಸಿರಲಿಲ್ಲ. ಮಚ್ಚು ಕೂಡ ಆರೋಪಿ ತೋರಿಸಿದ ಜಾಗದಲ್ಲಿ ಸಿಕ್ಕಿತು, ಪಂಚರ ಮುಂದೆ ಮಹಜರು ಆಯಿತು. ಗುರುತು ಪತ್ತೆ ಕವಾಯತಿನಲ್ಲಿ ಹಾಲಿನ ಹುಡುಗ ಹಿಂದೆ ಕೂತವನನ್ನು ಗುರುತಿಸಿದ. ಸಿಸಿಟಿವಿ ತುಣುಕಿಗೆ ಸಾಕ್ಷ್ಯ ಅಧಿನಿಯಮ ಕೇಳುವ ಪ್ರಮಾಣಪತ್ರವನ್ನು ಎದುರು ಮನೆಯವರು ಸಹಿ ಮಾಡಿಕೊಟ್ಟರು. ಅದಿಲ್ಲದೆ ಆ ಮುಷ್ಟಿಯ ದೃಶ್ಯ ನ್ಯಾಯಾಲಯದ ಒಳಗೆ ಬರುವುದೇ ಕಷ್ಟ.

ದೋಷಾರೋಪಣ ಪಟ್ಟಿಯಲ್ಲಿ 304 ಹೋಗಿ ಸುಲಿಗೆಯ ಶಿಕ್ಷೆ ಹೇಳುವ 309(4), ಜೊತೆಗೆ 309(6) ಬಂತು. ಮಚ್ಚು ಹಿಡಿದವನ ಮೇಲೆ 311 ಕೂಡ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ ಹೆದ್ದಾರಿಯಲ್ಲಿ ನಡೆದ ಸುಲಿಗೆಗೆ 14 ವರ್ಷದವರೆಗೆ ಶಿಕ್ಷೆ ಇದೆ. ನಡೆದದ್ದು 6 ಗಂಟೆ 20ಕ್ಕೆ, ಸೂರ್ಯ ಹುಟ್ಟಿರಲಿಲ್ಲ, ಅದನ್ನೂ ಹಾಕಿಸಿ ಎಂದು ಅಣ್ಣ ಹಟ ಹಿಡಿದ. ನಾನು ಬೇಡ ಅಂದೆ. ರಾತ್ರಿ ದಾರಿಯಲ್ಲಿ ದಿಕ್ಕಿಲ್ಲದೆ ಹೋಗುವ ಪ್ರಯಾಣಿಕರಿಗಾಗಿ ಇಟ್ಟ ಮಾತು ಅದು. ಬಡಾವಣೆಯ ಅಡ್ಡ ರಸ್ತೆಯನ್ನು ಹೆದ್ದಾರಿ ಎಂದು ಎಳೆದು ತಂದರೆ ಉಳಿದ ಸತ್ಯವೂ ಎಳೆದು ತಂದದ್ದರ ಹಾಗೆ ಕಾಣುತ್ತದೆ. ಅಣ್ಣನಿಗೆ ಎರಡು ದಿನ ಸಿಟ್ಟಿತ್ತು.

ಪ್ರಕರಣ ಈಗ ಸಾಕ್ಷಿ ವಿಚಾರಣೆಯ ಹಂತದಲ್ಲಿದೆ. ಹಾಲಿನ ಹುಡುಗನ ಸಾಕ್ಷಿ ಆಗಿದೆ. ಅಂದು ಅವನು ಕೆಲಸ ಬಿಟ್ಟು ಬಂದಿದ್ದ, ಇಡೀ ದಿನ ಕಾದು ಮೂರೂವರೆಗೆ ಕಟಕಟೆ ಹತ್ತಿದ. ಮಚ್ಚು ತೋರಿಸಿದಾಗ ಸರ ಎಲ್ಲಿತ್ತು ಎಂದು ಕೇಳಿದಾಗ ಎಡಗೈ ಎತ್ತಿ ಮುಷ್ಟಿ ಕಟ್ಟಿ ತೋರಿಸಿದ. ದೊಡ್ಡಮ್ಮನ ಸರದಿ ಮುಂದಿನ ತಾರೀಖಿಗೆ.

ಸರದ ಎರಡೂ ತುಂಡು ಮನೆಗೆ ಬಂದಿವೆ. ತುಂಡಾದ ಕೊಂಡಿ ಒಂದಕ್ಕೊಂದು ಹೊಂದುತ್ತದೋ ನೋಡಲು ದೊಡ್ಡಮ್ಮನ ಕೈಯಲ್ಲಿ ಉಳಿದದ್ದನ್ನೂ ಪೊಲೀಸರು ಮುದ್ದೆಮಾಲಿಗೆ, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳಿಗೆ, ಸೇರಿಸಿದ್ದರು. ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ನ್ಯಾಯಾಲಯ ಮಧ್ಯಂತರ ಸುಪರ್ದಿಗೆ ಕೊಟ್ಟಿದೆ. ಷರತ್ತು ಒಂದಿದೆ: ಪ್ರಕರಣ ಮುಗಿಯುವವರೆಗೆ ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು. ಅಂದರೆ ಅಕ್ಕಸಾಲಿಗನ ಹತ್ತಿರ ಕೊಟ್ಟು ಬೆಸೆಸುವಂತಿಲ್ಲ. ಎರಡೂ ತುಂಡು ಕಾಗದದಲ್ಲಿ ಸುತ್ತಿ ಕುಂಕುಮದ ಡಬ್ಬಿ ಪಕ್ಕದಲ್ಲಿ ಇಟ್ಟಿದ್ದಾರೆ. ದೊಡ್ಡಮ್ಮನ ಕೊರಳಲ್ಲಿ ಈಗ ಇರುವುದು ಅರಿಶಿನದ ದಾರ, ದಾರದಲ್ಲಿ ಒಂದು ಅರಿಶಿನದ ಕೊಂಬು. ದೊಡ್ಡಪ್ಪ ಹಿಂದಿನ ಮಂಗಳವಾರ ಹೊಸ ದಾರ ಕಟ್ಟಿದರು.